ಬೆಳಕಿನ ದುಡಿಮೆ

ಬೆಂಗಳೂರಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ ಮೂವತ್ತೈದು ನಲವತ್ತು ಕಿಲೋಮೀಟರು ಸಾಗಿದರೆ ದೇವನಹಳ್ಳಿ ಸಿಕ್ಕುವುದು. ಟಿಪ್ಪು ಸುಲ್ತಾನನು ಹುಟ್ಟಿದ ಊರೆಂದು ಚರಿತ್ರೆಯ ಪಾಠದಲ್ಲಿ ಇದರ ಹೆಸರನ್ನು ಓದಿರುವಿರಿ. ಚಕ್ಕೋತದ ಊರೆಂದು ಹಣ್ಣಿನ ಅಂಗಡಿಯಲ್ಲಿ ಕೇಳಿರುವಿರಿ. 2008ರಿಂದ ಈಚೆಗೆ ವಿಮಾನ ನಿಲ್ದಾಣದ ಊರೆಂದು ಎಲ್ಲರೂ ಬಲ್ಲರು. ಈ ಊರಿನ ಕಲ್ಲುಕೋಟೆಯ ಮೇಲೆ ಒಂದು ಬೆಳಗ್ಗೆ ನಿಂತು ನೋಡಿರಿ. ಉತ್ತರದಲ್ಲಿ ನಂದಿಬೆಟ್ಟ, ಸುತ್ತಲ ಬಯಲಿನಲ್ಲಿ ದ್ರಾಕ್ಷಿಯ ಚಪ್ಪರಗಳು, ರಾಗಿಯ ಹೊಲಗಳು, ಹಿಪ್ಪುನೇರಳೆಯ ತೋಟಗಳು. ಹೊತ್ತು ಮೂಡುತ್ತಲೇ ಜನರು ತಮ್ಮ ತಮ್ಮ ಕೆಲಸಕ್ಕೆ ಹೊರಡುವರು. ಆದರೆ ಅವರೆಲ್ಲರಿಗಿಂತ ಮೊದಲೇ ಕೆಲಸಕ್ಕೆ ಇಳಿದ ಆಳೊಬ್ಬನುಂಟು. ಅವನು ಕೂಲಿ ಕೇಳುವುದಿಲ್ಲ, ಸದ್ದು ಮಾಡುವುದಿಲ್ಲ. ಆದುದರಿಂದಲೇ ಅವನು ದುಡಿಯುತ್ತಿರುವನೆಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಆ ಆಳು ಬೆಳಕು.

“ಬೆಳಕು ಶಕ್ತಿಯ ಒಂದು ರೂಪ” ಎಂಬ ವಾಕ್ಯವನ್ನು ನೀವು ಪಠ್ಯಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆದಿರುವಿರಿ. ಈಗ ನಾಲ್ಕನೆಯ ತರಗತಿಯಲ್ಲಿ ಓದುವ ನಿಮ್ಮ ತಮ್ಮನು ನಿಮ್ಮ ಬಳಿ ಬಂದು ಹೀಗೆ ಕೇಳಿದನೆನ್ನಿ: “ಅಣ್ಣಾ, ಎತ್ತಿಗೆ ಶಕ್ತಿಯಿದೆ, ಅದು ಗಾಡಿ ಎಳೆಯುತ್ತದೆ. ಬೆಳಕು ಏನನ್ನು ಎಳೆಯುತ್ತದೆ?” ಏನು ಉತ್ತರ ಕೊಡುವಿರಿ? ಪುಸ್ತಕದಲ್ಲಿ ಹಾಗೆ ಬರೆದಿದೆ ಎಂದರೆ ಆ ಹುಡುಗನು ಸುಮ್ಮನಾಗಬಹುದು, ಆದರೆ ಅವನಿಗೆ ಏನೂ ತಿಳಿದಂತಾಗಲಿಲ್ಲ. ನಿಜವಾಗಿ ನೋಡಿದರೆ ನಿಮಗೂ ತಿಳಿದಂತಾಗಲಿಲ್ಲ. ಚಿಕ್ಕವರಿಗೆ ತಿಳಿಯಹೇಳಲು ಹೊರಟಾಗಲೇ ನಮ್ಮ ತಿಳಿವಳಿಕೆ ಎಷ್ಟು ಗಟ್ಟಿಯೆಂಬುದು ಗೊತ್ತಾಗುವುದು. ಅವನ ಪ್ರಶ್ನೆಗೆ ಸರಿಯಾದ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಶಕ್ತಿಯೆಂದರೇನು?

ಭೌತವಿಜ್ಞಾನದಲ್ಲಿ ಶಕ್ತಿಯೆಂದರೆ ಕೆಲಸ ಮಾಡಬಲ್ಲ ಸಾಮರ್ಥ್ಯ. ನೂರು ಗ್ರಾಂ ತೂಕದ ಒಂದು ಹಣ್ಣನ್ನು ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಎತ್ತಲು ಸುಮಾರು ಒಂದು ಜೂಲ್ ಶಕ್ತಿ ಬೇಕು. ಸೆಕೆಂಡಿಗೆ ಒಂದು ಜೂಲ್‌ನಂತೆ ಶಕ್ತಿ ವ್ಯಯವಾಗುತ್ತಿದ್ದರೆ ಆ ದರಕ್ಕೆ ಒಂದು ವ್ಯಾಟ್ ಎಂದು ಹೆಸರು. ಶಕ್ತಿಯು ಹೊಸದಾಗಿ ಹುಟ್ಟುವುದಿಲ್ಲ, ಇಲ್ಲದಂತೆ ಅಳಿಯುವುದೂ ಇಲ್ಲ. ಒಂದು ರೂಪವನ್ನು ಬಿಟ್ಟು ಇನ್ನೊಂದನ್ನು ತಾಳುವುದು. ಹೀಗಿರುವುದರಿಂದ ನಮಗೊಂದು ಸುಲಭವಾದ ಪರೀಕ್ಷೆ ದೊರೆಯುತ್ತದೆ. ಬೆಳಕು ಒಂದು ವಸ್ತುವಿನ ಮೇಲೆ ಬಿದ್ದು ಮಾಯವಾದಾಗ, ಅಲ್ಲಿ ಶಾಖವೋ ಚಲನೆಯೋ ವಿದ್ಯುತ್ತೋ ರಾಸಾಯನಿಕ ಬದಲಾವಣೆಯೋ ತಲೆದೋರಿದರೆ, ಮತ್ತು ಅದಕ್ಕೆ ಬೇರೆ ಕಾರಣವೇನೂ ಇಲ್ಲದಿದ್ದರೆ, ಬೆಳಕು ಶಕ್ತಿಯೆಂದು ಒಪ್ಪಲೇಬೇಕು. “ಬೇರೆ ಕಾರಣವೇನೂ ಇಲ್ಲದಿದ್ದರೆ” ಎಂಬ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಪ್ರಯೋಗದ ಜೀವವೆಲ್ಲ ಆ ಮಾತಿನಲ್ಲಿದೆ.

ಅಂಗೈ ಮೇಲಿನ ಬಿಸಿಲು

ದೇವನಹಳ್ಳಿಯು ಸುಮಾರು ಹದಿಮೂರೂಕಾಲು ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದುದರಿಂದ ವರ್ಷದಲ್ಲಿ ಎರಡು ಸಲ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ, ನಡುಹಗಲಿನ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುವನು. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಮೋಡವಿಲ್ಲದ ಅಂಥ ನಡುಹಗಲಿನಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಹೆಚ್ಚುಕಡಮೆ 1,000 ವ್ಯಾಟ್‌ನಷ್ಟು ಸೌರಶಕ್ತಿ ಬೀಳುತ್ತದೆ. ವಾಯುಮಂಡಲದ ಹೊರಗಡೆ ಇದು 1,361 ವ್ಯಾಟ್ ಇರುವುದು. ಉಳಿದುದನ್ನು ಗಾಳಿಯೂ ನೀರಾವಿಯೂ ದೂಳೂ ಹೀರಿಯೋ ಚದುರಿಸಿಯೋ ತಡೆಯುತ್ತವೆ.

ಈಗ ನಿಮ್ಮ ಅಂಗೈಯನ್ನು ಬಿಸಿಲಿಗೆ ಒಡ್ಡಿರಿ. ಅದರ ವಿಸ್ತೀರ್ಣ ಸುಮಾರು ನೂರು ಚದರ ಸೆಂಟಿಮೀಟರ್, ಎಂದರೆ ಚದರ ಮೀಟರಿನ ನೂರರಲ್ಲಿ ಒಂದು ಭಾಗ. ಅದರ ಮೇಲೆ ಸೆಕೆಂಡಿಗೆ 10 ಜೂಲ್, ಒಂದು ನಿಮಿಷಕ್ಕೆ 600 ಜೂಲ್ ಶಕ್ತಿ ಬೀಳುತ್ತದೆ. ಈ 600 ಜೂಲ್ ಶಕ್ತಿಯು ಅರವತ್ತು ಕಿಲೋಗ್ರಾಂ ತೂಕದ ಮನುಷ್ಯನೊಬ್ಬನನ್ನು ಒಂದು ಮೀಟರ್ ಎತ್ತರಕ್ಕೆ ಎತ್ತಲು ಸಾಕು! ಅಂಗೈ ಮೇಲೆ ಇಷ್ಟು ಶಕ್ತಿ ಬಿದ್ದರೂ ನಮಗೆ ತೋರುವುದು ಬೆಚ್ಚನೆಯ ಸ್ಪರ್ಶ ಮಾತ್ರ. ಏಕೆಂದರೆ ಚರ್ಮದಲ್ಲಿ ಅದು ಶಾಖವಾಗಿ ಮಾರ್ಪಟ್ಟು, ಗಾಳಿಗೂ ರಕ್ತಕ್ಕೂ ಹಂಚಿಹೋಗುತ್ತದೆ.

ಇಲ್ಲಿ ಜಾಣನಾದ ವಿದ್ಯಾರ್ಥಿಯು ಒಂದು ಆಕ್ಷೇಪವನ್ನು ಎತ್ತಬಹುದು. ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕು ಮಾತ್ರವಲ್ಲದೆ, ಕಾಣದ ಅವಕೆಂಪು ಕಿರಣಗಳೂ ಉಂಟು. ನೆಲಕ್ಕೆ ಬರುವ ಸೌರಶಕ್ತಿಯಲ್ಲಿ ಸರಿಸುಮಾರು ಅರ್ಧಭಾಗ ಅವುಗಳದೇ. ಕೈ ಬೆಚ್ಚಗಾದುದು ಅವುಗಳಿಂದಲೇ ಏಕಾಗಿರಬಾರದು? ಬೆಳಕು ಬರಿಯ ಜೊತೆಗಾರನಾಗಿ ಬಂದಿರಬಹುದಲ್ಲವೆ? ಇದು ನ್ಯಾಯವಾದ ಆಕ್ಷೇಪ. ಇದಕ್ಕೆ ಉತ್ತರ ಕೊಡಲು ಶಾಖವನ್ನೂ ಬೆಳಕನ್ನೂ ಬೇರ್ಪಡಿಸಿ ತೋರಿಸುವ ಪ್ರಯೋಗವೊಂದು ಬೇಕು. ಅದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ಅಡುಗೆಮನೆಯ ಅರಿಸಿನ ಸಾಕು.

ಅರಿಸಿನ ಬಟ್ಟೆಯ ಸಾಕ್ಷ್ಯ

ಬಿಳಿಯ ಹತ್ತಿ ಬಟ್ಟೆಯೊಂದನ್ನು ಅರಿಸಿನದ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ, ಅದರಿಂದ ಸಮನಾದ ನಾಲ್ಕು ತುಂಡುಗಳನ್ನು ಕತ್ತರಿಸಿಕೊಳ್ಳಿ. ಮೊದಲನೆಯದನ್ನು ಹಾಗೆಯೇ ಬಿಸಿಲಿನಲ್ಲಿಡಿ. ಎರಡನೆಯದನ್ನು ದಪ್ಪನಾದ ಕಪ್ಪು ಕಾಗದದಲ್ಲಿಯೂ, ಮೂರನೆಯದನ್ನು ಬಣ್ಣವಿಲ್ಲದ ಪಾರದರ್ಶಕ ಕಾಗದದಲ್ಲಿಯೂ, ನಾಲ್ಕನೆಯದನ್ನು ಕಡುಗೆಂಪು ಪಾರದರ್ಶಕ ಕಾಗದದಲ್ಲಿಯೂ ಸುತ್ತಿ, ಮೊದಲನೆಯದರ ಪಕ್ಕದಲ್ಲಿಯೇ ಇಡಿ. ಎರಡು ಮೂರು ದಿನ ಚೆನ್ನಾಗಿ ಬಿಸಿಲು ಕಾದ ಮೇಲೆ ಬಿಚ್ಚಿ ನೋಡಿ.

ಮೊದಲನೆಯ ತುಂಡು ಬಿಳಚಿಕೊಂಡಿರುವುದು. ಅರಿಸಿನದ ಕಲೆಯಾದ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕಿದರೆ ಕಲೆ ಹೋಗುವುದೆಂದು ಮನೆಯ ಹಿರಿಯರು ಹೇಳುವುದು ಇದನ್ನೇ. ಕಪ್ಪು ಕಾಗದದೊಳಗಣ ತುಂಡಾದರೋ ತನ್ನ ಹಳದಿಯನ್ನು ಉಳಿಸಿಕೊಂಡಿರುವುದು. ಈಗ ಯೋಚಿಸಿರಿ. ಕಪ್ಪು ವಸ್ತು ಬಿಸಿಲಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಯುವುದು. ಆದುದರಿಂದ ಆ ತುಂಡಿಗೆ ದೊರೆತ ಶಾಖ ಬೇರೆಯವುಗಳಿಗಿಂತ ಕಡಮೆಯಾಗಿರಲಿಲ್ಲ. ಬಣ್ಣವನ್ನು ಕೆಡಿಸುವುದು ಶಾಖವೇ ಆಗಿದ್ದರೆ ಅದೇ ಮೊದಲು ಬಿಳಚಬೇಕಾಗಿತ್ತು. ಹಾಗಾಗಲಿಲ್ಲ. ಕಾಗದ ಸುತ್ತಿದ್ದರಿಂದ ಗಾಳಿ ತಾಗದೆ ಬಣ್ಣ ಉಳಿಯಿತೆನ್ನೋಣವೆಂದರೆ, ಬಣ್ಣವಿಲ್ಲದ ಪಾರದರ್ಶಕ ಕಾಗದ ಸುತ್ತಿದ ಮೂರನೆಯ ತುಂಡೂ ಬಿಳಚಿರುವುದು. ಇನ್ನು ಉಳಿದ ಕಾರಣವೊಂದೇ: ಬೆಳಕು. ಅರಿಸಿನಕ್ಕೆ ಹಳದಿಯ ಬಣ್ಣವನ್ನು ಕೊಡುವ ವಸ್ತು ಕರ್ಕ್ಯುಮಿನ್. ಅದರ ಅಣುಗಳನ್ನು ಮುರಿಯಲು ಶಕ್ತಿ ಬೇಕು. ಆ ಶಕ್ತಿಯನ್ನು ಬೆಳಕು ಒದಗಿಸಿತು.

ನಾಲ್ಕನೆಯ ತುಂಡು ಇನ್ನೂ ಸೂಕ್ಷ್ಮವಾದ ಪಾಠವನ್ನು ಹೇಳುತ್ತದೆ. ಕೆಂಪು ಕಾಗದದೊಳಕ್ಕೆ ಬೆಳಕು ಧಾರಾಳವಾಗಿ ಹೋಗುತ್ತಿದ್ದರೂ ಬಣ್ಣ ಬಹುಮಟ್ಟಿಗೆ ಉಳಿದಿರುವುದು. ಅರಿಸಿನವು ಹಳದಿಯಾಗಿ ಕಾಣುವುದೇಕೆ? ಅದು ನೇರಿಳೆ ಮತ್ತು ನೀಲಿ ಬೆಳಕನ್ನು ನುಂಗಿ, ಉಳಿದ ಬಣ್ಣಗಳನ್ನು ಹಿಂದಕ್ಕೆ ಕಳುಹಿಸುವುದರಿಂದ. ಕೆಂಪು ಬೆಳಕನ್ನು ಅದು ನುಂಗುವುದೇ ಇಲ್ಲ. ನುಂಗದ ಬೆಳಕು ಕೆಲಸ ಮಾಡದು. ಬಾಗಿಲ ಮುಂದೆ ಹಾದುಹೋದ ಆಳಿನಿಂದ ಮನೆಗೆಲಸವಾಗುವುದುಂಟೆ? ಒಳಗೆ ಬಂದವನೇ ಕೆಲಸ ಮಾಡಬೇಕು. ವಸ್ತುವಿನಲ್ಲಿ ಹೀರಲ್ಪಟ್ಟ ಬೆಳಕು ಮಾತ್ರವೇ ಅದರಲ್ಲಿ ರಾಸಾಯನಿಕ ಬದಲಾವಣೆಯನ್ನು ಉಂಟುಮಾಡಬಲ್ಲುದು ಎಂಬ ಈ ನಿಯಮವನ್ನು ಗ್ರೋಟ್ಹಸ್ ಎಂಬ ವಿಜ್ಞಾನಿ 1817ರಲ್ಲಿಯೇ ಸೂಚಿಸಿದ್ದನು.

ಬಣ್ಣಕ್ಕೂ ಶಕ್ತಿಗೂ ಇರುವ ನಂಟು

ಬಣ್ಣದಿಂದ ಬಣ್ಣಕ್ಕೆ ಬೆಳಕಿನ ಸಾಮರ್ಥ್ಯದಲ್ಲಿಯೇ ಭೇದವುಂಟೆಂಬುದು ಇನ್ನೊಂದು ಪ್ರಯೋಗದಿಂದ ತಿಳಿದುಬಂದಿತು. ಕೆಲವು ಲೋಹಗಳ ಮೇಲೆ ತಕ್ಕ ಬೆಳಕು ಬಿದ್ದರೆ ಅವುಗಳಿಂದ ಎಲೆಕ್ಟ್ರಾನುಗಳು ಹೊರಕ್ಕೆ ಸಿಡಿಯುತ್ತವೆ. ಇದರ ಮೊದಲ ಸುಳಿವು 1887ರಲ್ಲಿ ಹರ್ಟ್ಸ್‌ನಿಗೆ ದೊರೆಯಿತು. 1902ರಲ್ಲಿ ಲೆನಾರ್ಡನು ಒಂದು ವಿಚಿತ್ರವನ್ನು ಕಂಡನು. ಬೆಳಕನ್ನು ಪ್ರಖರಗೊಳಿಸಿದರೆ ಹೊರಬೀಳುವ ಎಲೆಕ್ಟ್ರಾನುಗಳ ಸಂಖ್ಯೆ ಹೆಚ್ಚುತ್ತಿತ್ತೇ ಹೊರತು, ಅವುಗಳ ವೇಗ ಹೆಚ್ಚುತ್ತಿರಲಿಲ್ಲ. ವೇಗವು ಬೆಳಕಿನ ಬಣ್ಣವನ್ನು ಅವಲಂಬಿಸಿತ್ತು. ಬೆಳಕು ಅಲೆಯೆಂದು ಮಾತ್ರ ತಿಳಿದಿದ್ದವರಿಗೆ ಇದು ಬಿಡಿಸಲಾಗದ ಒಗಟು.

1905ರಲ್ಲಿ ಐನ್‌ಸ್ಟೈನನು ಇದನ್ನು ಬಿಡಿಸಿದನು. ಪ್ಲಾಂಕನು 1900ರಲ್ಲಿ ಮುಂದಿಟ್ಟ ಕಲ್ಪನೆಯನ್ನು ಅವನು ಇನ್ನೂ ಮುಂದಕ್ಕೊಯ್ದು, ಬೆಳಕಿನ ಶಕ್ತಿಯು ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುವುದೆಂದು ಹೇಳಿದನು. ಇಂದು ಆ ಪೊಟ್ಟಣಗಳನ್ನು ಫೋಟಾನ್‌ಗಳೆಂದು ಕರೆಯುವರು. ಅಲೆಯುದ್ದ ಕಡಮೆಯಾದಷ್ಟೂ ಪೊಟ್ಟಣ ದೊಡ್ಡದು. 400 ನ್ಯಾನೋಮೀಟರ್ ಅಲೆಯುದ್ದದ ನೇರಿಳೆ ಬೆಳಕಿನ ಒಂದು ಫೋಟಾನಿನಲ್ಲಿರುವ ಶಕ್ತಿಯು 700 ನ್ಯಾನೋಮೀಟರಿನ ಕೆಂಪು ಫೋಟಾನಿನ ಶಕ್ತಿಯ ಒಂದೂಮುಕ್ಕಾಲರಷ್ಟು. ಮರದ ಮೇಲಿನ ಚಕ್ಕೋತವನ್ನು ಉದುರಿಸಬೇಕೆಂದು ಹತ್ತಿಯ ಉಂಡೆಗಳನ್ನು ಸಾವಿರ ಸಲ ಎಸೆದರೂ ಪ್ರಯೋಜನವಿಲ್ಲ. ಒಂದೇ ಕಲ್ಲು ತಾಗಿದರೆ ಹಣ್ಣು ಬೀಳುವುದು. ಎಲೆಕ್ಟ್ರಾನಿನ ವಿಷಯವೂ ಹೀಗೆಯೇ. ಹತ್ತಿಯುಂಡೆಗಳನ್ನು ಹೆಚ್ಚಿಸುವುದೆಂದರೆ ಬೆಳಕಿನ ಪ್ರಖರತೆಯನ್ನು ಹೆಚ್ಚಿಸಿದಂತೆ. ಹತ್ತಿಯನ್ನು ಬಿಟ್ಟು ಕಲ್ಲನ್ನು ಹಿಡಿಯುವುದೆಂದರೆ ಬಣ್ಣವನ್ನು ಬದಲಾಯಿಸಿದಂತೆ. ಈ ವಿವರಣೆಯನ್ನು ವಿಶೇಷವಾಗಿ ಹೆಸರಿಸಿಯೇ ಐನ್‌ಸ್ಟೈನನಿಗೆ 1921ರ ನೊಬೆಲ್ ಪಾರಿತೋಷಕವನ್ನು ಕೊಟ್ಟರು.

ಬೆಂಗಳೂರಿನಲ್ಲಿ ಸಾರಿದ ಸುದ್ದಿ

ಬೆಳಕು ತನ್ನ ಶಕ್ತಿಯಲ್ಲಿ ಒಂದಂಶವನ್ನು ಮಾತ್ರ ಕೊಟ್ಟು, ಉಳಿದುದರೊಂದಿಗೆ ಮುಂದೆ ಸಾಗುವುದೂ ಉಂಟೆ? ಉಂಟೆಂದು ತೋರಿಸಿಕೊಟ್ಟವರು ಸರ್ ಸಿ. ವಿ. ರಾಮನ್. ಅವರು ಕೆ. ಎಸ್. ಕೃಷ್ಣನ್ ಅವರೊಡನೆ ಕಲ್ಕತ್ತೆಯಲ್ಲಿ ನಡೆಸುತ್ತಿದ್ದ ಪ್ರಯೋಗಗಳು 1928ರ ಫೆಬ್ರವರಿ 28ರಂದು ಫಲ ಕೊಟ್ಟವು. ಅದೇ ವರ್ಷ ಮಾರ್ಚಿ 16ರಂದು ಬೆಂಗಳೂರಿಗೆ ಬಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ “ಒಂದು ಹೊಸ ವಿಕಿರಣ” ಎಂಬ ವಿಷಯವಾಗಿ ಉಪನ್ಯಾಸ ಮಾಡಿ ಅವರು ಇದನ್ನು ವಿವರವಾಗಿ ಸಾರಿದರು.

ಅವರು ಕಂಡುದಿಷ್ಟು. ಒಂದೇ ಬಣ್ಣದ ಬೆಳಕನ್ನು ಶುದ್ಧವಾದ ದ್ರವವೊಂದರ ಮೂಲಕ ಹಾಯಿಸಿದರೆ, ಪಕ್ಕಕ್ಕೆ ಚದುರಿದ ಬೆಳಕಿನಲ್ಲಿ ಮೂಲದ ಬಣ್ಣದೊಂದಿಗೆ ಬೇರೆ ಬಣ್ಣಗಳೂ ಬಲು ಮಂದವಾಗಿ ಕಾಣುತ್ತವೆ. ಉದಾಹರಣೆಗೆ, ಪಾದರಸದ ದೀಪದ 435.8 ನ್ಯಾನೋಮೀಟರಿನ ನೀಲಿಬೆಳಕನ್ನು ಬೆನ್ಜೀನಿನ ಮೇಲೆ ಹಾಯಿಸಿದರೆ, 455.5 ನ್ಯಾನೋಮೀಟರಿನ ಹತ್ತಿರ ಹೊಸದೊಂದು ಗೆರೆ ಮೂಡುವುದು. ಅಲೆಯುದ್ದ ಹೆಚ್ಚಿತೆಂದರೆ ಫೋಟಾನಿನ ಶಕ್ತಿ ಕಡಮೆಯಾಯಿತೆಂದು ಅರ್ಥವಷ್ಟೆ. ಆ ಕಡಮೆಯಾದ ಶಕ್ತಿ ಎಲ್ಲಿಗೆ ಹೋಯಿತು? ಬೆನ್ಜೀನಿನ ಅಣುವನ್ನು ಕಂಪಿಸುವಂತೆ ಮಾಡಲು ವ್ಯಯವಾಯಿತು. ಪ್ರತಿಯೊಂದು ಬಗೆಯ ಅಣುವೂ ತನಗೆ ತಕ್ಕ ಸುಂಕವನ್ನೇ ವಸೂಲು ಮಾಡುವುದರಿಂದ, ಕಳೆದ ಶಕ್ತಿಯನ್ನು ಅಳೆದು ಅಣು ಯಾವುದೆಂದು ಹೇಳಬಹುದು. ಈ ಶೋಧನೆಗಾಗಿ ರಾಮನ್ನರಿಗೆ 1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1933ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲಸಿದರು. 1970ರಲ್ಲಿ ತೀರಿಕೊಳ್ಳುವವರೆಗೂ ಬೆಳಕು, ಬಣ್ಣ, ಹರಳುಗಳ ವಿಚಾರವನ್ನು ಬಿಡಲಿಲ್ಲ.

ಎಲೆಯ ಗಿರಣಿ

ಬೆಳಕಿನ ದುಡಿಮೆಯಲ್ಲೆಲ್ಲ ನಮಗೆ ಅತ್ಯಂತ ಮುಖ್ಯವಾದುದು ಹಸಿರೆಲೆಯಲ್ಲಿ ನಡೆಯುವುದು. ಎಲೆಯ ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚಾಗಿ ಹೀರಿಕೊಂಡು, ಹಸಿರನ್ನು ಅಷ್ಟಾಗಿ ಹೀರದೆ ಬಿಡುತ್ತದೆ. ಎಲೆ ಹಸಿರಾಗಿ ಕಾಣುವುದು ಇದರಿಂದಲೇ. ಹೀರಿದ ಶಕ್ತಿಯಿಂದ ನೀರಿನ ಅಣು ಒಡೆದು ಆಮ್ಲಜನಕವು ಗಾಳಿಗೆ ಸೇರುವುದು; ಇಂಗಾಲದ ಡೈಆಕ್ಸೈಡಿನಿಂದ ಸಕ್ಕರೆ ಸಿದ್ಧವಾಗುವುದು. ಗಿಡಗಳು ಬೆಳಕಿನಲ್ಲಿ ಮಾತ್ರ ಗಾಳಿಯನ್ನು ಶುದ್ಧಗೊಳಿಸುವುವೆಂದು 1779ರಲ್ಲಿ ಇಂಗೆನ್‌ಹೌಸ್ ತೋರಿಸಿದನು. ಹೀಗೆ ಮಾಡುವಾಗ ಅವು ಬೆಳಕಿನ ಶಕ್ತಿಯನ್ನೇ ರಾಸಾಯನಿಕ ಶಕ್ತಿಯನ್ನಾಗಿ ಕೂಡಿಡುತ್ತವೆಂದು 1845ರಲ್ಲಿ ಮೇಯರನು ಸ್ಪಷ್ಟವಾಗಿ ಹೇಳಿದನು.

ಈ ದೃಷ್ಟಿಯಿಂದ ದೇವನಹಳ್ಳಿಯ ಸೀಮೆಯನ್ನು ಮತ್ತೊಮ್ಮೆ ನೋಡಿರಿ. ದ್ರಾಕ್ಷಿಯ ಸಿಹಿಯು ಚಪ್ಪರದ ಮೇಲೆ ಬಿದ್ದ ಬಿಸಿಲು. ಹಿಪ್ಪುನೇರಳೆಯ ಸೊಪ್ಪಿನಲ್ಲಿ ಕೂಡಿದ ಬಿಸಿಲನ್ನು ಹುಳು ತಿಂದು ಗೂಡು ಕಟ್ಟುವುದು; ಇದೇ ತಾಲ್ಲೂಕಿನ ವಿಜಯಪುರದಲ್ಲಿ ಆ ಗೂಡಿನಿಂದ ರೇಷ್ಮೆಯ ನೂಲು ತೆಗೆಯುವರು. ಸೀರೆಯ ಸೆರಗಿನಲ್ಲಿ ಮಿನುಗುವುದು ಈಗಿನ ಬೆಳಕು. ಆ ಎಳೆಯೊಳಗೆ ಅಡಗಿರುವುದು ಹಿಂದೆಂದೋ ಬಿದ್ದ ಬೆಳಕು. ರಾಗಿಯಂತೂ ಬಿಸಿಲಿನ ಬೆಳೆಯೇ ಸರಿ. ಜೋಳ, ಕಬ್ಬುಗಳಂತೆ ಅದೂ ಇಂಗಾಲದ ಡೈಆಕ್ಸೈಡನ್ನು ಮೊದಲು ನಾಲ್ಕು ಇಂಗಾಲದ ಪರಮಾಣುಗಳುಳ್ಳ ಸಂಯುಕ್ತವಾಗಿ ಹಿಡಿದಿಟ್ಟುಕೊಳ್ಳುವುದರಿಂದ, ಕಡುಬಿಸಿಲಿನಲ್ಲಿಯೂ ಚೆನ್ನಾಗಿ ಕೆಲಸ ಮಾಡಬಲ್ಲುದು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 13 ಲಕ್ಷ ಜೂಲ್ ಶಕ್ತಿ ಅಡಗಿದೆ. ಮುದ್ದೆ ಉಂಡು ನೇಗಿಲು ಹಿಡಿದ ರೈತನ ತೋಳಿನಲ್ಲಿ ದುಡಿಯುವುದು ಸೂರ್ಯನ ಬೆಳಕೇ. ಹುಲ್ಲು ಮೇಯುವ ಎತ್ತಿನ ಕಥೆಯೂ ಅದೇ. ಹಾಗಾದರೆ ನಿಮ್ಮ ತಮ್ಮನ ಪ್ರಶ್ನೆಗೆ ಮೊದಲನೆಯ ಉತ್ತರ ಸಿಕ್ಕಿತಲ್ಲವೆ? ಗಾಡಿಯನ್ನು ಎಳೆಯುವುದು ಎತ್ತು. ಎತ್ತಿನೊಳಗಿದ್ದು ಎಳೆಯುವುದು ಬೆಳಕು.

ಆದರೆ ಎಲೆಯ ಗಿರಣಿ ಬಲು ನಿಧಾನ. ಹೊಲದ ಮೇಲೆ ಬಿದ್ದ ಸೌರಶಕ್ತಿಯಲ್ಲಿ ಬೆಳೆಯು ಕೂಡಿಡುವುದು ನೂರಕ್ಕೆ ಒಂದೆರಡು ಭಾಗವನ್ನು ಮೀರುವುದು ಅಪರೂಪ. ಮಾಳಿಗೆಯ ಮೇಲಿನ ಸಿಲಿಕಾನ್ ಸೌರಫಲಕವು ನೂರಕ್ಕೆ ಸುಮಾರು ಇಪ್ಪತ್ತು ಭಾಗವನ್ನು ನೇರವಾಗಿ ವಿದ್ಯುತ್ತಾಗಿ ಮಾರ್ಪಡಿಸಬಲ್ಲುದು. ಹಾಗೆಂದು ಫಲಕವೇ ಎಲೆಗಿಂತ ಮೇಲೆನ್ನಬಹುದೆ? ಫಲಕವು ತನ್ನನ್ನು ತಾನೇ ಬೆಳೆಸಿಕೊಳ್ಳದು, ಅದನ್ನು ಉಣ್ಣಲಾಗದು, ಅದು ಗಾಳಿಗೆ ಆಮ್ಲಜನಕವನ್ನು ಕೊಡದು. ಬರಿಯ ಡಾಂಬರಿನ ಮೇಲೆ ಬಿದ್ದ ಬೆಳಕಾದರೋ ಶಾಖವಾಗಿ ಚದುರಿ, ಯಾರ ಕೈಗೂ ಸಿಕ್ಕದೆ ಹೋಗುವುದು. ಹೊಲಗಳು ರಸ್ತೆಗಳಾಗಿ ಕಟ್ಟಡಗಳಾಗಿ ಮಾರ್ಪಡುತ್ತಿರುವ ಸೀಮೆಯಲ್ಲಿ ಈ ಲೆಕ್ಕವನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ಬಿಸಿಲು ಎಲ್ಲ ನೆಲದ ಮೇಲೂ ಸಮನಾಗಿಯೇ ಬೀಳುವುದು. ಅದರಿಂದ ನಮಗೆ ಏನು ದಕ್ಕುವುದೆಂಬುದು ಕೆಳಗೆ ಏನಿದೆಯೆಂಬುದನ್ನು ಹೊಂದಿರುವುದು.

ಬೆಳಕಿನ ತಳ್ಳಾಟ

ಬೆಳಕು ಯಾವುದನ್ನಾದರೂ ನೇರವಾಗಿಯೇ ತಳ್ಳಬಲ್ಲುದೆ? ಬಲ್ಲುದು, ಆದರೆ ಬಲು ಮೆಲ್ಲಗೆ. ಭೂಮಿಯಷ್ಟು ದೂರದಲ್ಲಿ, ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹೀರಿಕೊಳ್ಳುವ ಒಂದು ಚದರ ಮೀಟರ್ ಹಲಗೆಯನ್ನು ಸೂರ್ಯನ ಬೆಳಕು ನೂಕುವ ಬಲವು ಸುಮಾರು ಅರ್ಧ ಮಿಲಿಗ್ರಾಂ ವಸ್ತುವಿನ ಭಾರಕ್ಕೆ ಸಮ. ಇದನ್ನು ಲೆಕ್ಕಕ್ಕೆ ಹಿಡಿಯುವುದೇಕೆ ಎನ್ನುವಿರೇನೋ. 1992ರಲ್ಲಿ ಹಾರಿಸಿದ ಇನ್ಸಾಟ್-2ಎ ಉಪಗ್ರಹದಲ್ಲಿ ಸೌರಫಲಕಗಳು ಒಂದೇ ಪಕ್ಕದಲ್ಲಿದ್ದವು. ಬೆಳಕಿನ ನೂಕು ಒಂದು ಪಕ್ಕಕ್ಕೆ ಮಾತ್ರ ತಾಗುತ್ತ ಹೋದರೆ ಉಪಗ್ರಹವು ದಿನಕಳೆದಂತೆ ಓರೆಯಾಗುವುದು. ಆದುದರಿಂದ ಇನ್ನೊಂದು ಪಕ್ಕದಲ್ಲಿ ಉದ್ದನೆಯ ತೋಳೊಂದರ ತುದಿಗೆ ಸೌರಪಟವನ್ನು ಕಟ್ಟಿ, ನೂಕಿಗೆ ನೂಕನ್ನು ಸರಿದೂಗಿಸಿದರು. ನಿಮ್ಮ ತಮ್ಮನಿಗೆ ಇದು ಎರಡನೆಯ ಉತ್ತರ. ಬೆಳಕಿಗೆ ಎದುರುತೂಕ ಕಟ್ಟಬೇಕಾಗಿ ಬಂದ ಮೇಲೆ, ಅದು ಏನನ್ನೂ ಮಾಡದೆಂದು ಹೇಳುವುದು ಹೇಗೆ?

ಒಂದು ಎಚ್ಚರಿಕೆ

ಬೆಳಕು ಶಕ್ತಿಯೆಂಬುದನ್ನು ಮರೆತವರಿಗೆ ಕಣ್ಣೇ ಆ ಪಾಠವನ್ನು ಕಲಿಸುವುದು. ಆದರೆ ಕಲಿಯುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಹತ್ತು ಸೆಂಟಿಮೀಟರ್ ಅಗಲದ ಭೂತಗನ್ನಡಿಯು ಬಿಸಿಲನ್ನು ಒಂದು ಚುಕ್ಕೆಯಾಗಿ ಕೂಡಿಸಿ ಕಾಗದವನ್ನು ಸುಡುವುದನ್ನು ನೋಡಿರುವಿರಿ. ಕಣ್ಣಿನ ಮಸೂರವೂ ಸೂರ್ಯನ ಬಿಂಬವನ್ನು ಹಿಂಭಾಗದ ಅಕ್ಷಿಪಟದ ಮೇಲೆ ಹೀಗೆಯೇ ಕೂಡಿಸುತ್ತದೆ. ಅಲ್ಲಿ ಶಾಖದಿಂದ ಮಾತ್ರವಲ್ಲದೆ, ನೀಲಿ ಬೆಳಕಿನ ರಾಸಾಯನಿಕ ಕ್ರಿಯೆಯಿಂದಲೂ ಜೀವಕೋಶಗಳು ಕೆಡುತ್ತವೆ. ಅರಿಸಿನ ಬಟ್ಟೆಗೆ ಆದಂತಹ ಗತಿಯೇ ಅದು. ಅಕ್ಷಿಪಟಕ್ಕೆ ನೋವಿನ ಅರಿವಿಲ್ಲ. ಆದುದರಿಂದ ಆಗುತ್ತಿರುವ ಹಾನಿ ಆಗಲೇ ತಿಳಿಯುವುದಿಲ್ಲ. 2019ರ ಡಿಸೆಂಬರ್ 26ರಂದು ಕಾಸರಗೋಡಿನ ಕಡೆ ಕಂಕಣಗ್ರಹಣವಾಗಿ, ಬೆಂಗಳೂರಿನ ಕಡೆ ಪಾರ್ಶ್ವಗ್ರಹಣವಾಗಿ ಕಂಡ ಸೂರ್ಯನನ್ನು ನೆನೆಯಿರಿ. ಬಿಂಬದ ಬಹುಭಾಗ ಮುಚ್ಚಿದ್ದರೂ ಉಳಿದ ಅಂಚಿನ ಪ್ರಖರತೆ ಕಡಮೆಯಾಗಿರಲಿಲ್ಲ. ಗ್ರಹಣವಿರಲಿ ಇಲ್ಲದಿರಲಿ, ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ಮಸಿ ಹಿಡಿಸಿದ ಗಾಜಿನಿಂದಾಗಲಿ, ಬಣ್ಣದ ಕಾಗದದಿಂದಾಗಲಿ ನೋಡಲೇಕೂಡದು. ಚಿಕ್ಕವರಿಗೆ ಈ ಪಾಠವನ್ನು ಹೇಳುವಾಗ ಉಳಿದುದೆಲ್ಲವನ್ನು ಮರೆತರೂ ಇದೊಂದನ್ನು ಮರೆಯಬೇಡಿ.

ಕೋಟೆಯ ಮೇಲೆ ಸಂಜೆಯಾಗುವ ಹೊತ್ತಿಗೆ ಆಳುಗಳು ಮನೆಗೆ ಮರಳುವರು. ಹದಿನೈದು ಕೋಟಿ ಕಿಲೋಮೀಟರ್ ದೂರದಿಂದ ಬಂದ ಬೆಳಕು ಮಾತ್ರ ಮರಳುವುದಿಲ್ಲ. ಕಾಳಿನಲ್ಲಿ, ಹಣ್ಣಿನಲ್ಲಿ, ರೇಷ್ಮೆಯ ಎಳೆಯಲ್ಲಿ, ಇನ್ನೂ ಬೆಚ್ಚಗಿರುವ ಕೋಟೆಯ ಕಲ್ಲಿನಲ್ಲಿ ಅದು ರೂಪವನ್ನು ಬದಲಾಯಿಸಿಕೊಂಡು ಉಳಿದಿರುವುದು. ಕತ್ತಲಾದ ಮೇಲೆ ಆ ಕಲ್ಲಿನ ಮೇಲೆ ಕೈಯಿಟ್ಟು ನೋಡಲು ತಮ್ಮನಿಗೆ ಹೇಳಿ. ಉಳಿದುದನ್ನು ಅವನೇ ಕೇಳುವನು.

ಅಭ್ಯಾಸಕ್ಕೆ

1. ಬೆಳಕಿನ ವೇಗವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಸೂರ್ಯನಿಂದ ಹೊರಟ ಬೆಳಕು ದೇವನಹಳ್ಳಿಯನ್ನು ಮುಟ್ಟಲು ಎಷ್ಟು ಹೊತ್ತು ಬೇಕು?

2. ನಡುಹಗಲಿನಲ್ಲಿ ಹತ್ತು ಸೆಂಟಿಮೀಟರ್ ವ್ಯಾಸದ ಮಸೂರದ ಮೇಲೆ ಎಷ್ಟು ವ್ಯಾಟ್ ಶಕ್ತಿ ಬೀಳುತ್ತದೆ?

3. ಒಂದು ಚದರ ಮೀಟರ್ ರಾಗಿಯ ಹೊಲವು ನಡುಹಗಲಿನ ಬಿಸಿಲಿನಲ್ಲಿ ನೂರಕ್ಕೆ ಒಂದು ಭಾಗವನ್ನು ಕೂಡಿಡುವುದಾದರೆ, ನೂರು ಗ್ರಾಂ ಹಿಟ್ಟಿನಲ್ಲಿರುವ ಶಕ್ತಿಯನ್ನು ಗಳಿಸಲು ಅದಕ್ಕೆ ಎಷ್ಟು ಗಂಟೆಗಳ ಬಿಸಿಲು ಬೇಕು?

4. ಅರಿಸಿನ ಬಟ್ಟೆಯ ಪ್ರಯೋಗದಲ್ಲಿ ಮೂರನೆಯ ತುಂಡನ್ನು ಬಿಟ್ಟುಬಿಟ್ಟಿದ್ದರೆ ನಮ್ಮ ವಾದದಲ್ಲಿ ಯಾವ ದೋಷ ಉಳಿಯುತ್ತಿತ್ತು?

ಉತ್ತರಗಳು: 1. ಸುಮಾರು 500 ಸೆಕೆಂಡು, ಎಂದರೆ 8 ನಿಮಿಷ 20 ಸೆಕೆಂಡು. 2. ಸುಮಾರು 8 ವ್ಯಾಟ್. 3. ಸುಮಾರು 36 ಗಂಟೆ. ನಾಲ್ಕನೆಯದನ್ನು ಓದುಗರೇ ಯೋಚಿಸಿ, ತಮ್ಮಂದಿರಿಗೂ ತಂಗಿಯರಿಗೂ ವಿವರಿಸಲಿ.